ಕ್ರೈಸ್ತ ಮೇಷ್ಟ್ರಿಂದ ಶುರುವಾದ ಹುಡುಕಾಟ: ಇದು ನನ್ನದಾ, ಅವರದಾ?

ಹಾಸನದ_ಕಾಫಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಾನು ಡಿಗ್ರಿಯಲ್ಲಿ ಗಣಿತ ಓದಿದವಳು. ನಮ್ಮ ಗಣಿತದ ಸರ್ ಕ್ರೈಸ್ತರು. ಕ್ಲಾಸಿಗೆ ಬಂದವರೇ ಡಸ್ಟರ್ ಮೇಜಿನ ಮೇಲಿಟ್ಟು, ಕಿಟಕಿ ಕಡೆ ತಿರುಗಿ, ಒಂದರ್ಧ ನಿಮಿಷ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಹಿಂದಿನ ಬೆಂಚಿನವರು ಕಿಸಕ್ಕನೆ ನಗುತ್ತಿದ್ದರು. ಒಂದು ದಿನ ಒಬ್ಬ ಕೇಳಿಯೇಬಿಟ್ಟ. "ಇವತ್ತಾದ್ರೂ ನಿಮ್ಮ ಮೇಲೆ ರೇಗದ ಹಾಗೆ ನೋಡ್ಕೋ ಅಂತ ಕೇಳ್ಕೊಳ್ತೀನಪ್ಪ" ಅಂದರು. ಇಡೀ ಕ್ಲಾಸು ನಕ್ಕಿತು. ಅವರೂ ನಕ್ಕರು.

ಮೂರು ವರ್ಷದಲ್ಲಿ ಅವರು ಕ್ಲಾಸಲ್ಲಿ ಧರ್ಮದ ಮಾತು ಎತ್ತಿದ್ದು ನಾನು ಕೇಳಿಲ್ಲ. ಅಪ್ಪ ತೀರಿಕೊಂಡ ಮೇಲೆ ನಾನೇ ಅವರ ಮನೆಗೆ ಹೋದೆ. ಮನೆಯಲ್ಲಿ ಎಲ್ಲರೂ "ವಿಧಿ", "ಋಣ ತೀರಿತು" ಅನ್ನುತ್ತಿದ್ದರು. ನನಗೆ ಆ ಮಾತು ಕೇಳಿದರೇ ಸಿಟ್ಟು ಬರುತ್ತಿತ್ತು. ಸರ್ ಏನೂ ಹೇಳಲಿಲ್ಲ. ಮೇಡಂ ಚಹಾ ಕೊಟ್ಟರು. ಹೊರಡುವಾಗ ಸರ್, ಸತ್ಯವೇದದಲ್ಲಿ (ಬೈಬಲಿನಲ್ಲಿ) ಯೋಬನ ಪುಸ್ತಕ ಇದೆ, ಮನಸ್ಸಾದರೆ ಓದು ಅಂದರು. "ಉತ್ತರ ಸಿಗಲ್ಲಮ್ಮ. ಆದರೆ ದೇವರ ಹತ್ತಿರ ಜಗಳ ಆಡಬಹುದು ಅಂತ ಗೊತ್ತಾಗತ್ತೆ."

ಅಲ್ಲಿಂದ ಶುರು. ಈಗ ಸುವಾರ್ತೆಗಳನ್ನು ಓದುತ್ತಿದ್ದೇನೆ. ಕೆಲವು ಭಾನುವಾರ ಚರ್ಚಿಗೆ ಹೋಗಿ ಹಿಂದೆ ಕೂತು ಬರುತ್ತೇನೆ. ಅಮ್ಮ ಅಳುತ್ತಾರೆ. ಅಣ್ಣ ಬ್ರೈನ್‌ವಾಶ್ ಅಂತಾನೆ. ಅದೆಲ್ಲ ತಡ್ಕೋಬಹುದು. ಆದರೆ ನನ್ನ ಗಂಡ ಮೊನ್ನೆ ಒಂದು ಮಾತು ಕೇಳಿದರು, ಜಗಳಕ್ಕಲ್ಲ, ಸುಮ್ನೆ ಕೇಳಿದರು. "ನಿನಗೆ ಏಸು ಇಷ್ಟಾನೋ, ನಿಮ್ಮ ಸರ್ ಇಷ್ಟಾನೋ?"

ಉತ್ತರ ಹೊಳೆಯಲಿಲ್ಲ. ಸರ್ ಕ್ರೈಸ್ತರಾಗಿರದೆ ಜೈನರಾಗಿದ್ದರೆ ನಾನು ಈಗ ಶ್ರವಣಬೆಳಗೊಳದಲ್ಲಿ ಇರುತ್ತಿದ್ದೆನಾ? ಇಂಥದ್ದನ್ನು ದಾಟಿದವರು ಇದ್ದರೆ ಹೇಳಿ.

ನಿರ್ವಾಹಕ:

ಎಳೆ ತೆರೆದಿರುತ್ತದೆ. ಎರಡು ಮಾತು. ಕಾಯ್ದೆ, ಪಕ್ಷ, ಚುನಾವಣೆ ಇಲ್ಲಿ ಬೇಡ. ಈಗ ಬದುಕಿರುವ ಯಾವ ಮೇಷ್ಟ್ರ, ಕಾಲೇಜಿನ ಹೆಸರೂ ಬೇಡ.

ನಾಸ್ತಿಕ_ನಂಜನಗೂಡು:

ನಿಮ್ಮ ಕೊನೆಯ ಪ್ರಶ್ನೆಯಲ್ಲೇ ಉತ್ತರ ಇದೆ ಅಲ್ವಾ? ಜೈನರಾಗಿದ್ದರೆ ಬೆಳಗೊಳ, ಸೂಫಿಯಾಗಿದ್ದರೆ ದರ್ಗಾ. ನಿಮಗೆ ಸಿಕ್ಕಿದ್ದು ಒಬ್ಬ ಒಳ್ಳೆಯ ಮನುಷ್ಯ. ಅದನ್ನು ಅಷ್ಟಕ್ಕೇ ಇಟ್ಟುಕೊಳ್ಳಿ. ಒಳ್ಳೆಯತನಕ್ಕೆ ದೇವರ ಶಿಫಾರಸು ಪತ್ರ ಬೇಕಾಗಿಲ್ಲ. ದುಃಖದಲ್ಲಿರುವವರ ಹತ್ತಿರ ಪುಸ್ತಕ ಕೊಡುವುದು ಎಷ್ಟೇ ಮೆತ್ತಗಿದ್ದರೂ ಪ್ರಚಾರವೇ.

ಬಲ್ಮಠದವ:

ನಂಜನಗೂಡಿನವರೇ, ಅವರೇ ಮನೆಗೆ ಹೋಗಿ ಕೇಳಿದ್ದು ಮಾರಾಯ್ರೆ. ಕೇಳಿದವರಿಗೆ ಹೇಳಿದರೂ ಪ್ರಚಾರ ಅಂದರೆ ಮೇಷ್ಟ್ರುಗಳು ಬಾಯಿಗೆ ಬೀಗ ಹಾಕಿಕೊಳ್ಳಬೇಕಷ್ಟೆ.

ಹಾಸನದ ಅಕ್ಕ, ನಿಮ್ಮ ಪ್ರಶ್ನೆ ನಮ್ಮ ಮಂಗಳೂರಿಗೆ ಹಳೇದು. 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಅಂತ ಸಾರಸ್ವತ ಬ್ರಾಹ್ಮಣ ಹುಡುಗ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನಲ್ಲಿ ದೀಕ್ಷಾಸ್ನಾನ ತಗೊಂಡ, ಅಂದರೆ ಕ್ರೈಸ್ತನಾದ. ವಯಸ್ಸು 18. ಓದಿದ್ದು ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ. ಮೇಷ್ಟ್ರು ಹರ್ಮನ್ ಮೊಗ್ಲಿಂಗ್, ಅದರ ಹಿಂದಿನ ವರ್ಷ, 1843ರಲ್ಲಿ, 'ಮಂಗಳೂರ ಸಮಾಚಾರ' ಪತ್ರಿಕೆ ಶುರು ಮಾಡಿದವರು. ಊರಲ್ಲಿ ದೊಡ್ಡ ಗದ್ದಲ ಆಯಿತು. ಹುಡುಗ ಹೆಸರನ್ನೂ ಮೇಷ್ಟ್ರದ್ದೇ ಸೇರಿಸಿಕೊಂಡ. ಹರ್ಮನ್ ಆನಂದರಾವ್ ಕೌಂಡಿನ್ಯ!

ಅಂದರೆ ಗಂಡ ಕೇಳಿದ ಪ್ರಶ್ನೆ ಆತನಿಗೂ ಕೇಳಬಹುದಿತ್ತು. ಏಸುವೋ ಮೊಗ್ಲಿಂಗೋ?

ಮುಂದೆ ಏನಾಯಿತು ನೋಡಿ. 1846ರಲ್ಲಿ ಮೊಗ್ಲಿಂಗ್ ಜೊತೆ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋದರು. ಐದು ವರ್ಷ ಸೆಮಿನರಿಯಲ್ಲಿ ಓದಿ 1851ರಲ್ಲಿ ಪಾದ್ರಿಯಾಗಿ ಅಭಿಷೇಕ ಪಡೆದು ವಾಪಸು ಬಂದರು. ಇಲ್ಲೇ ಮಂಗಳೂರಿನ ಸೆಮಿನರಿಯಲ್ಲಿ ಕಲಿಸಿದರು. ಮೊಗ್ಲಿಂಗ್ 1860ರ ಹೊತ್ತಿಗೆ ಜರ್ಮನಿಗೆ ಹೊರಟೇಹೋದರು. ಕೌಂಡಿನ್ಯರು ಆಮೇಲೂ ಮೂವತ್ತು ಚಿಲ್ಲರೆ ವರ್ಷ ಇಲ್ಲೇ ಇದ್ದು 1893ರಲ್ಲಿ ತೀರಿಕೊಂಡರು. ಮೇಷ್ಟ್ರ ಮೇಲಿನ ಪ್ರೀತಿ ಮಾತ್ರ ಆಗಿದ್ದರೆ ಅಷ್ಟು ವರ್ಷ ಎಳೆಯುತ್ತಿತ್ತಾ?

ಪುಟ್ಟಿ_ಪುತ್ತೂರು:

ಬಲ್ಮಠದವರು ಅರ್ಧ ಕಥೆ ಹೇಳಿದ್ರಿ. ಆತನಿಗೆ ಮೊದಲೇ ಮದುವೆಯಾಗಿತ್ತು. ಹೆಂಡತಿ ಜೊತೆಗೆ ಬರಲಿಲ್ಲ. ಆಮೇಲೆ 1860ರಲ್ಲಿ ಜರ್ಮನ್ ಹೆಂಗಸನ್ನು ಮದುವೆಯಾದರು. ಆ ಮೊದಲ ಹೆಂಡತಿ ಏನು ಹುಡುಕುತ್ತಿದ್ದಳು ಅಂತ ಯಾರಾದರೂ ಕೇಳಿದ್ದಾರಾ? ಮೇಷ್ಟ್ರು, ಶಿಷ್ಯ, ಸತ್ಯ ಅಂತ ಚಂದದ ಕಥೆ ಮಾಡುವಾಗ ಮನೆಯಲ್ಲಿ ಉಳಿದವರು ಲೆಕ್ಕಕ್ಕೇ ಬರುವುದಿಲ್ಲ.

ಹಾಸನದ ಅಕ್ಕ, ನಿಮ್ಮ ಗಂಡ ಸುಮ್ನೆ ಕೇಳಿದರು ಅಂತ ಬರೆದಿದ್ದೀರಿ. ಅವರು ಒಳಗೊಳಗೇ ಹೆದರಿರಬಹುದು. ಅದನ್ನೂ ನೋಡಿ.

ಬಲ್ಮಠದವ:

ಒಪ್ಪಿದೆ ಪುಟ್ಟಿಯವರೇ. ಹೇಳಬೇಕಿತ್ತು.

ನಿವೃತ್ತ_ಇತಿಹಾಸ_ಮೇಷ್ಟ್ರು:

ಮೇಷ್ಟ್ರ ಪ್ರಭಾವ ಅಂದ ಕೂಡಲೇ ಎಲ್ಲರೂ ಮತಾಂತರಕ್ಕೇ ಹೋಗುತ್ತೀರಿ. ಅದು ಒಂದು ದಾರಿ ಅಷ್ಟೆ. ಇನ್ನೆರಡು ಉದಾಹರಣೆ ಹೇಳುತ್ತೇನೆ.

ಒಂದು. ಕಲ್ಕತ್ತೆಯ ಜನರಲ್ ಅಸೆಂಬ್ಲೀಸ್ ಇನ್‌ಸ್ಟಿಟ್ಯೂಷನ್, ಈಗಿನ ಸ್ಕಾಟಿಷ್ ಚರ್ಚ್ ಕಾಲೇಜು. 1881ರ ಸುಮಾರು. ಪ್ರಿನ್ಸಿಪಾಲ್ ವಿಲಿಯಂ ಹೇಸ್ಟಿ, ಸ್ಕಾಟ್ಲೆಂಡಿನ ಪಾದ್ರಿ. ವರ್ಡ್ಸ್‌ವರ್ತ್‌ನ ಕವಿತೆ ಪಾಠ ಮಾಡುತ್ತಿದ್ದರು. ಪ್ರಕೃತಿ ನೋಡುತ್ತ ಕವಿ ಮೈಮರೆಯುವ ಭಾಗ ಬಂತು. ಇಂಥ ಸ್ಥಿತಿ ಈ ಕಾಲದಲ್ಲಿ ಅಪರೂಪ, ಅದನ್ನು ಕಂಡವರು ನನಗೆ ಗೊತ್ತಿರುವಂತೆ ಒಬ್ಬರೇ, ದಕ್ಷಿಣೇಶ್ವರದ ರಾಮಕೃಷ್ಣ, ಹೋಗಿ ನೋಡಿ ಎಂಬರ್ಥದ ಮಾತು ಹೇಳಿದರು ಅಂತ ರಾಮಕೃಷ್ಣ ಪರಂಪರೆಯವರೇ ಬರೆದಿದ್ದಾರೆ. ಕ್ಲಾಸಲ್ಲಿ ಕೂತಿದ್ದವನು ನರೇಂದ್ರ. ಮುಂದಿನ ವಿವೇಕಾನಂದ.

ಇದೇ ಹೇಸ್ಟಿ 1882ರಲ್ಲಿ ಪತ್ರಿಕೆಯಲ್ಲಿ ಹಿಂದೂ ಮೂರ್ತಿಪೂಜೆಯನ್ನು ಝಾಡಿಸಿ ಬರೆದರು. ಬಂಕಿಮಚಂದ್ರರು ಗುಪ್ತನಾಮದಲ್ಲಿ ಎದುರು ಬರೆದು ಚೆನ್ನಾಗಿ ಬಿಸಿ ಮುಟ್ಟಿಸಿದರು. ಹೊರಗೆ ಹೀಗೆ ಕತ್ತಿ ಝಳಪಿಸುತ್ತಿದ್ದ ಮನುಷ್ಯ ಕ್ಲಾಸಿನಲ್ಲಿ ಮಾತ್ರ ಗೊತ್ತಿದ್ದದ್ದನ್ನು ಮುಚ್ಚಿಡಲಿಲ್ಲ. ನನಗೆ ಇಷ್ಟವಾಗುವುದು ಇದು. ವಾದ ಬೇರೆ, ಪಾಠ ಬೇರೆ.

ಎರಡು. ಎಸ್. ರಾಧಾಕೃಷ್ಣನ್. ತಿರುಪತಿಯಲ್ಲಿ ಲುಥರನ್ ಮಿಷನ್ ಶಾಲೆ, ವೆಲ್ಲೂರಿನಲ್ಲಿ ವೂರ್ಹೀಸ್ ಕಾಲೇಜು, ಆಮೇಲೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು. ಓದೆಲ್ಲ ಪಾದ್ರಿಗಳ ಕೈಯಲ್ಲೇ. ಅಲ್ಲಿ ಹಿಂದೂ ಧರ್ಮದ ಬಗ್ಗೆ ಮಾಡುತ್ತಿದ್ದ ಟೀಕೆ ತಮ್ಮನ್ನು ಚುಚ್ಚಿತು, ಆ ಚುಚ್ಚೇ ತಮ್ಮನ್ನು ಸ್ವಂತ ಧರ್ಮದ ಅಭ್ಯಾಸಕ್ಕೆ ಹಚ್ಚಿತು ಅಂತ ಅವರೇ ಬರೆದುಕೊಂಡಿದ್ದಾರೆ. 1908ರಲ್ಲಿ ಎಂ.ಎ.ಗೆ ಬರೆದ ಪ್ರಬಂಧದ ವಿಷಯ ವೇದಾಂತದ ನೀತಿ. ವೇದಾಂತದಲ್ಲಿ ನೀತಿಗೆ ಜಾಗವಿಲ್ಲ ಎನ್ನುವವರಿಗೆ ಉತ್ತರ. ತಮಾಷೆ ಏನೆಂದರೆ ಅದನ್ನು ಓದಿ ಮೆಚ್ಚಿದವರು ಎ. ಜಿ. ಹಾಗ್ ಎಂಬ ಮಿಷನರಿ ಪ್ರಾಧ್ಯಾಪಕರೇ.

ಇದೇ ರಾಧಾಕೃಷ್ಣನ್ 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿದ್ದರು. ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಕುದುರೆ ಬಿಚ್ಚಿ ಸಾರೋಟನ್ನು ತಾವೇ ರೈಲ್ವೆ ಸ್ಟೇಷನ್ನಿಗೆ ಎಳೆದರು. ಎಷ್ಟು ಸಲ ಕೇಳಿದ್ದೇವೋ ಈ ಕಥೆ. ಆದರೆ ಅವರನ್ನು ಕೆಣಕಿ ಬೆಳೆಸಿದ ಮೇಷ್ಟ್ರುಗಳ ಹೆಸರು ಸೆಪ್ಟೆಂಬರ್ 5ರಂದು ಯಾರೂ ಎತ್ತುವುದಿಲ್ಲ.

ನಾಸ್ತಿಕ_ನಂಜನಗೂಡು:

ಸರ್, ಹೇಸ್ಟಿ ಕಥೆ ಚೆನ್ನಾಗಿದೆ. ಆದರೆ ಅದರಲ್ಲಿ ಹೇಸ್ಟಿಯ ಪಾತ್ರ ಎಷ್ಟು? ರಾಮಚಂದ್ರ ದತ್ತ ಅಂತ ಮನೆಯ ಬಳಗದವರೂ ನರೇಂದ್ರನಿಗೆ ದಕ್ಷಿಣೇಶ್ವರಕ್ಕೆ ಹೋಗು ಅಂದಿದ್ದರು. ಮೊದಲ ಸಲ ರಾಮಕೃಷ್ಣರನ್ನು ನೋಡಿದ್ದು ಸುರೇಂದ್ರನಾಥ ಮಿತ್ರರ ಮನೆಯಲ್ಲಿ, ಹಾಡೋಕೆ ಕರೆದಿದ್ದಾಗ. ಪಾದ್ರಿಯ ಒಂದು ವಾಕ್ಯಕ್ಕೆ ಇಷ್ಟು ಭಾರ ಹೊರಿಸಬಹುದಾ?

ನಿವೃತ್ತ_ಇತಿಹಾಸ_ಮೇಷ್ಟ್ರು:

ಭಾರ ಹೊರಿಸಬೇಡಿ, ಒಪ್ಪಿದೆ. ನಾಲ್ಕು ಕಡೆಯಿಂದ ಮಾತು ಬಂದಿತ್ತು, ಒಂದು ಮೇಷ್ಟ್ರದು. ಆದರೆ ಹದಿನೆಂಟರ ಹುಡುಗನಿಗೆ ಬಂಧುಗಳು ಹೇಳಿದ್ದು ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಬರುತ್ತದೆ. ಯಾವ ಲಾಭವೂ ಇಲ್ಲದ ಮೇಷ್ಟ್ರು ಅದನ್ನೇ ಹೇಳಿದರೆ ತಲೆಯಲ್ಲಿ ಕೂರುತ್ತದೆ. ನನ್ನ ಸರ್ವೀಸಿನಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇನೆ.

ಹೆಸರು_ಬೇಡ_77:

ಎಲ್ಲರೂ ಒಳ್ಳೆಯ ಮೇಷ್ಟ್ರ ಕಥೆ ಹೇಳುತ್ತಿದ್ದೀರಿ. ನಾನು ಇನ್ನೊಂದು ಕಡೆಯಿಂದ ಬಂದವನು. ಹಾಸ್ಟೆಲಿನಲ್ಲಿದ್ದೆ. ಊರು, ಹೆಸರು ಹೇಳುವುದಿಲ್ಲ. ಬೆಳಿಗ್ಗೆ ಆರಕ್ಕೆ ಪ್ರಾರ್ಥನೆ. ಬರಲೇಬೇಕು ಅಂತ ಎಲ್ಲೂ ಬರೆದಿರಲಿಲ್ಲ. ಆದರೆ ಬಾರದವರಿಗೆ ತಿಂಡಿ ಸಾಲಿನಲ್ಲಿ ಕೊನೆಯ ಜಾಗ. ಉಪ್ಪಿಟ್ಟು ತಳ ಹಿಡಿದದ್ದು ನಮ್ಮ ಪಾಲಿಗೆ. ವಾರ್ಡನ್ ಒಮ್ಮೆಯೂ ಬೈದವರಲ್ಲ. ನಗುನಗುತ್ತ "ನಿಮ್ಮಿಷ್ಟ" ಅನ್ನುತ್ತಿದ್ದರು. ಆ ನಗು ಈಗಲೂ ನೆನಪಿದೆ.

ನಾನು ಇವತ್ತಿಗೂ ಯಾವ ದೇವರ ಮುಂದೆಯೂ ಕೈ ಮುಗಿಯಲ್ಲ. ಗುಡಿಯಲ್ಲೂ ಇಲ್ಲ, ಚರ್ಚಲ್ಲೂ ಇಲ್ಲ. ಅದೂ ಒಬ್ಬ ಕ್ರೈಸ್ತ ಮೇಷ್ಟ್ರು ರೂಪಿಸಿದ್ದೇ ತಾನೇ?

ಕೊಂಕಣಿ_ಅಮ್ಮ:

ಹೆಸರು ಬೇಡದವರೇ, ಓದಿ ಸಂಕಟ ಆಯಿತು ಮಗಾ. ಅದು ತಪ್ಪು. ಅದಕ್ಕೆ ನಯವಾದ ಹೆಸರು ಕೊಡುವುದು ಬೇಡ.

ನಾನು ನಮ್ಮ ಇಗರ್ಜಿಯಲ್ಲಿ ಭಾನುವಾರ ಮಕ್ಕಳಿಗೆ ದೊತೊರ್ನ್, ಅಂದರೆ ಧರ್ಮಪಾಠ, ಕಲಿಸುವವಳು. ಬೇರೆಯವರ ಮಕ್ಕಳಲ್ಲ, ನಮ್ಮದೇ ಮಕ್ಕಳು. ಅಲ್ಲೂ ಇದೇ ಕಷ್ಟ ಉಂಟು. ಬಾಯಿಪಾಠ ಒಪ್ಪಿಸುವ ಮಕ್ಕಳು ಬೇಗ ಮುಗಿಸಿ ಹೋಗ್ತಾರೆ. ಅಡ್ಡ ಪ್ರಶ್ನೆ ಕೇಳುವ ಮಗುವಿನ ಮೇಲೆ ನಮಗೆ ಸಿಟ್ಟು ಬರ್ತದೆ. ಒಬ್ಬಳು ಕೇಳಿದಳು, "ನನ್ನ ಫ್ರೆಂಡ್ ಫಾತಿಮಾ ನರಕಕ್ಕೆ ಹೋಗ್ತಾಳಾ ಬಾಯಿ?" ಅಂತ. ಪುಸ್ತಕದಲ್ಲಿ ಹುಡುಕಿದರೆ ಸಿಗುವ ಉತ್ತರ ಆ ಮಗುವಿಗೆ ಸಾಲುವುದಿಲ್ಲ. "ನನಗೆ ಗೊತ್ತಿಲ್ಲ ಪುತ್ತಾ, ಅವಳಿಗಾಗಿ ನೀನು ಪ್ರಾರ್ಥನೆ ಮಾಡು, ಅವಳು ನಿನಗಾಗಿ ಮಾಡಲಿ" ಅಂದೆ. ಇದು ಸರಿಯಾ ಅಂತ ಫಾದರ್ ಹತ್ತಿರ ಹೋಗಿ ಕೇಳಲೂ ಇಲ್ಲ!

ಆದರೆ ಆ ಹುಡುಗಿ ಈಗಲೂ ಬರ್ತಾಳೆ. ಬಾಯಿಪಾಠದವರು ಹಬ್ಬಕ್ಕೆ ಮಾತ್ರ.

ಕಲಬುರಗಿ_ಬಿಸಿಲು:

ಅಮ್ಮಾರೆ, ನೀವು ಅಡ್ಡ ಪ್ರಶ್ನೆ ಅಂದಿರಿ, ನನಗ ಪಂಡಿತಾ ರಮಾಬಾಯಿ ನೆನಪಾದರು. ಈ ಎಳೆಯಲ್ಲಿ ಇಷ್ಟು ಹೊತ್ತು ಒಬ್ಬರೂ ಅವರ ಹೆಸರು ಎತ್ತಲಿಲ್ಲಲ್ರಿ! ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹುಟ್ಟಿದ್ದು ನಮ್ಮ ಕರ್ನಾಟಕದ ಪಶ್ಚಿಮಘಟ್ಟದಲ್ಲೇ, ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ಅಪ್ಪ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದರು. ಅದಕ್ಕೇ ಜನರ ವಿರೋಧ ಕಟ್ಟಿಕೊಂಡರು. ರಮಾಬಾಯಿಗೆ ಕಲಿಸಿದ್ದು ತಾಯಿ. ಆಮೇಲೆ ಊರೂರು ತಿರುಗಿ ಪುರಾಣ ಹೇಳುವ ಜೀವನ. 1870ರ ದಶಕದ ಬರಗಾಲದಲ್ಲಿ ಅಪ್ಪ, ಅವ್ವ, ಅಕ್ಕ ಎಲ್ಲರೂ ಹೋದರು. ಅಣ್ಣನ ಜೊತೆ ನಡೆದುಕೊಂಡೇ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆ ಮುಟ್ಟಿದರು. ಅಲ್ಲಿನ ಪಂಡಿತರು ಪರೀಕ್ಷೆ ಮಾಡಿ 'ಪಂಡಿತಾ', 'ಸರಸ್ವತಿ' ಅಂತ ಬಿರುದು ಕೊಟ್ಟರು. ಅಣ್ಣ ಹೋದ. ಬಂಗಾಳಿ ವಕೀಲರೊಬ್ಬರನ್ನು, ಬೇರೆ ಜಾತಿಯವರನ್ನು, ಮದುವೆಯಾದರು. ಎರಡು ವರ್ಷದೊಳಗೆ ಅವರೂ ಕಾಲರಾದಲ್ಲಿ ಹೋದರು. ಕೈಯಲ್ಲಿ ಒಂದು ಹೆಣ್ಣು ಕೂಸು, ಮನೋರಮಾ.

1883ರಲ್ಲಿ ಇಂಗ್ಲೆಂಡಿಗೆ ಹೋದರು. ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಕನ್ಯಾಮಠದಲ್ಲಿ ಉಳಿದರು. ಅದೇ ಸೆಪ್ಟೆಂಬರಿನಲ್ಲಿ ದೀಕ್ಷಾಸ್ನಾನ. ಅಲ್ಲಿ ಅವರಿಗೆ ಧರ್ಮ ಕಲಿಸಿದವರು ಸಿಸ್ಟರ್ ಜೆರಾಲ್ಡೀನ್. ರಮಾಬಾಯಿ ಅವರನ್ನು 'ಆಜೀಬಾಯಿ' ಅನ್ನುತ್ತಿದ್ದರು, ಅಜ್ಜಿ ಅಂತ. ಪ್ರೀತಿ ಇತ್ತು. ಸುಳ್ಳಲ್ಲ.

ಇಲ್ಲಿಂದ ಜಗಳ ಶುರು. ಜೆರಾಲ್ಡೀನ್ ಅವರಿಗೆ ಬೇಕಾದದ್ದು ಹೇಳಿದಂತೆ ಕೇಳುವ ಹೊಸ ವಿಶ್ವಾಸಿ. ರಮಾಬಾಯಿ ತ್ರಿತ್ವದ ಬಗ್ಗೆ, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವುದರ ಬಗ್ಗೆ ಕೇಳಿದರು. ಪವಾಡದ ಬಗ್ಗೆ ಕೇಳಿದರು. ಚರ್ಚು ಹೇಳಿತು ಅಂದರೆ ಯಾಕೆ ಒಪ್ಪಬೇಕು, ಬೈಬಲಿನಲ್ಲಿ ಎಲ್ಲಿದೆ ತೋರಿಸಿ ಅಂದರು. ಮೊಟ್ಟೆ, ಮಾಂಸ ಮುಟ್ಟಲಿಲ್ಲ. ಅದು ಜಾತಿಯ ಗರ್ವ ಅಂತ ಸಿಸ್ಟರ್ ಆಕ್ಷೇಪಿಸಿದರು. ಬೇಕಾದರೆ ನನ್ನ ಗರ್ವವನ್ನು ಪುಡಿಂಗಿನಲ್ಲಿ, ಬೆಣ್ಣೆಯಲ್ಲಿ, ಅನ್ನದಲ್ಲಿ, ಕಾಲಿನ ಬೂಟಿನಲ್ಲೂ ಹುಡುಕಿಕೊಳ್ಳಿ ಎಂಬ ಧಾಟಿಯಲ್ಲಿ ಉತ್ತರ ಬರೆದರು. ಓದಿದರೆ ನಗು ಬರುತ್ತದೆ. ಹಾಕಿಕೊಳ್ಳುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಇರಲಿ ಅಂತ ಹಟ ಹಿಡಿದರು. 1885ರ ಒಂದು ಪತ್ರದಲ್ಲಿ ಹೇಳಿದ್ದು ಇದು: ಭಾರತದ ಪುರೋಹಿತರ ನೊಗದಿಂದ ಈಗಷ್ಟೇ ಬಹಳ ಕಷ್ಟಪಟ್ಟು ಬಿಡಿಸಿಕೊಂಡಿದ್ದೇನೆ, ಮತ್ತೆ ಅಂಥದ್ದೇ ನೊಗಕ್ಕೆ ಕತ್ತು ಕೊಡಲಾರೆ.

ಇದನ್ನು ಬರೆದಿದ್ದು ಯಾರಿಗೆ? ತಮಗೆ ಊಟ, ಮನೆ, ಇಂಗ್ಲಿಷು, ಬೈಬಲು ಕೊಟ್ಟ ಮೇಷ್ಟ್ರಮ್ಮನಿಗೆ. ಪರದೇಶದಲ್ಲಿ ಕೂತು.

ಅವರ ಹುಡುಕಾಟ ಅವರದೇ ಅಂತ ನನಗೆ ಗ್ಯಾರಂಟಿಯಾಗಿದ್ದು ಅಲ್ಲೇ. ಹಾಸನದವರೇ, ನಿಮ್ಮ ಸರ್ ಜೊತೆ ನೀವು ಯಾವಾಗಾದರೂ ಜಗಳ ಆಡಿದ್ದೀರಾ? ನಂಬಿಕೆ ವಿಷಯದಲ್ಲಿ? ಆಡಿಲ್ಲ ಅಂದರೆ ಒಮ್ಮೆ ಆಡಿ ನೋಡ್ರಿ.

ಇನ್ನೊಂದು ಮಾತು. ಆ ಪತ್ರಗಳನ್ನೆಲ್ಲ ಜೋಪಾನ ಮಾಡಿ ಒಟ್ಟುಗೂಡಿಸಿದವರು ಯಾರು ಗೊತ್ತಾ? ಅದೇ ಜೆರಾಲ್ಡೀನ್. ತಮ್ಮನ್ನೇ ತರಾಟೆಗೆ ತೆಗೆದುಕೊಂಡ ಪತ್ರಗಳನ್ನು ಹರಿದು ಹಾಕಲಿಲ್ಲ. ಆ ಸಿಸ್ಟರ್ ಮೇಲೆ ನನಗೆ ಎಷ್ಟು ಸಿಟ್ಟಿದೆಯೋ ಅಷ್ಟೇ ಗೌರವವೂ ಇದೆ.

ಪುಟ್ಟಿ_ಪುತ್ತೂರು:

ಅಕ್ಕ, ಇದನ್ನು ಓದಿ ಎದ್ದು ಕೂತೆ. ಶಿಲುಬೆ ಮೇಲೆ ಸಂಸ್ಕೃತ! ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು "ಸಮಾಜ ಸುಧಾರಕಿ, ವಿಧವೆಯರಿಗೆ ಆಶ್ರಮ" ಅಂತ ಎರಡೇ ಸಾಲು. ಕಲಬುರಗಿಯಲ್ಲಿ ಅವರದೇನೋ ಶಾಲೆ ಇತ್ತಲ್ಲ?

ಕಲಬುರಗಿ_ಬಿಸಿಲು:

ಹೌದ್ರಿ. ಮಗಳು ಮನೋರಮಾ ಮುಂದೆ ನಿಂತು ಇಲ್ಲಿ ಕ್ರೈಸ್ತ ಹೈಸ್ಕೂಲು ಶುರು ಮಾಡಿಸಿದ್ದು, 1912ರ ಹೊತ್ತಿಗೆ. ಆಗ ಇದು ನಿಜಾಮರ ಸೀಮೆ. ಮನೋರಮಾ 1921ರಲ್ಲಿ ತೀರಿಕೊಂಡರು, ತಾಯಿ ಮಾರನೇ ವರ್ಷ.

ನಾಸ್ತಿಕ_ನಂಜನಗೂಡು:

ಬಿಸಿಲು ಅಕ್ಕ ಬರೆದದ್ದು ಒಳ್ಳೆಯ ಅಳತೆಗೋಲು. ಆದರೆ ರಮಾಬಾಯಿ ಕಥೆ ಅಲ್ಲಿಗೆ ನಿಲ್ಲಿಸಿದರೆ ಆಗಲ್ಲ. ಅವರೇ ಮೇಷ್ಟ್ರಮ್ಮ ಆದಾಗ ಏನಾಯಿತು? 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ಶುರು. ಬಾಲವಿಧವೆಯರಿಗೆ ಶಾಲೆ. ಧರ್ಮದ ವಿಷಯದಲ್ಲಿ ಕೈ ಹಾಕಲ್ಲ ಅಂತ ಮಾತು ಕೊಟ್ಟೇ ರಾನಡೆ, ಭಂಡಾರ್ಕರ್ ಅಂಥ ಹಿಂದೂ ಸುಧಾರಕರ ಬೆಂಬಲ ಪಡೆದದ್ದು. ಪುಣೆಗೆ ಬಂದ ಮೇಲೆ ಹುಡುಗಿಯರು ಅವರ ಪ್ರಾರ್ಥನೆಗೆ ಬಂದು ಕೂರತೊಡಗಿದರು. 1893ರಲ್ಲಿ ದೊಡ್ಡ ಗಲಾಟೆ. ಟಿಳಕರ 'ಕೇಸರಿ' ಪತ್ರಿಕೆ ಬೆಂಕಿ ಕಾರಿತು. ರಾನಡೆ, ಭಂಡಾರ್ಕರ್ ಇಬ್ಬರೂ ಸಲಹಾ ಸಮಿತಿ ಬಿಟ್ಟರು. ಎಷ್ಟೋ ಮನೆಯವರು ಹುಡುಗಿಯರನ್ನು ಕರೆದುಕೊಂಡು ಹೋದರು.

ರಮಾಬಾಯಿ ಹೇಳಿದ್ದೇನು? ನಾನು ಯಾರನ್ನೂ ಕರೆದಿಲ್ಲ, ನನ್ನ ಕೋಣೆಯ ಬಾಗಿಲು ಹಾಕದೆ ಪ್ರಾರ್ಥನೆ ಮಾಡುತ್ತೇನೆ, ಬರುವವರನ್ನು ತಡೆಯಲ್ಲ ಅಂತ. ಈಗ ಹೇಳಿ. ಹಾಸ್ಟೆಲಿನ ವಾರ್ಡನ್ ಅಂದ "ನಿಮ್ಮಿಷ್ಟ"ಕ್ಕೂ ಇದಕ್ಕೂ ಏನು ವ್ಯತ್ಯಾಸ? ಆ ಹುಡುಗಿಯರಿಗೆ ಹೋಗೋಕೆ ಬೇರೆ ಮನೆ ಇರಲಿಲ್ಲ. ಅನ್ನ ಹಾಕುವ ತಾಯಿ ಎದುರು ಕೋಣೆಯಲ್ಲಿ ಕೂತು ಪ್ರಾರ್ಥನೆ ಮಾಡುತ್ತಿದ್ದರೆ ಹತ್ತು ವರ್ಷದ ಹುಡುಗಿಗೆ "ಆಯ್ಕೆ" ಅಂತ ಏನಿರತ್ತೆ?

ಹೆಸರು_ಬೇಡ_77:

ವ್ಯತ್ಯಾಸ ಇದೆ ಅಣ್ಣ. ನಾನು ಅನುಭವಿಸಿದವನು, ಹೇಳುತ್ತೇನೆ. ರಮಾಬಾಯಿ ಪ್ರಾರ್ಥನೆಗೆ ಬಾರದ ಹುಡುಗಿಗೆ ತಳ ಹಿಡಿದ ಉಪ್ಪಿಟ್ಟು ಬಡಿಸಿದ್ದರಾ? ಹಾಗೆ ಎಲ್ಲೂ ಓದಿಲ್ಲ. ಬಾಗಿಲು ತೆರೆದಿರುವುದು ತೊಂದರೆ ಅಲ್ಲ. ಒಳಗೆ ಹೋಗದವರಿಗೆ ಏನಾಗತ್ತೆ ಅನ್ನೋದು ಮುಖ್ಯ.

ನಾಸ್ತಿಕ_ನಂಜನಗೂಡು:

ಹ್ಞೂಂ. ಇದಕ್ಕೆ ಯೋಚನೆ ಮಾಡಿ ಉತ್ತರ ಕೊಡ್ತೀನಿ.

ನಿವೃತ್ತ_ಇತಿಹಾಸ_ಮೇಷ್ಟ್ರು:

ಆದರೂ ನಂಜನಗೂಡಿನವರ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ. ರಾನಡೆ ಸಣ್ಣ ಮನುಷ್ಯರಲ್ಲ, ಅವರು ಬಿಟ್ಟರು ಅಂದರೆ ಕಾರಣ ಇತ್ತು. ಪೋಷಕರ ಒಪ್ಪಿಗೆ ಎಲ್ಲಿ ಶುರು, ಮಗುವಿನ ಮನಸ್ಸು ಎಲ್ಲಿ ಶುರು ಅನ್ನುವ ಗೆರೆ ಅವತ್ತೂ ತೆಳುವಾಗಿತ್ತು, ಇವತ್ತೂ ತೆಳು. ಹಾಸನದವರ ವಿಷಯ ಬೇರೆ. ಅವರು ದೊಡ್ಡವರು. ಕಾಲೇಜು ಮುಗಿದಿದೆ. ಸರ್ ಕೈಯಲ್ಲಿ ಅವರ ಮಾರ್ಕ್ಸ್ ಇಲ್ಲ.

ಜೆಪ್ಪುವಿನ_ಮೊಮ್ಮಗ:

ನಾನು ಬಾಸೆಲ್ ಮಿಷನ್ ಮನೆತನದವನು, ಈಗ ದಕ್ಷಿಣ ಭಾರತ ಸಭೆ ಅಂದರೆ ಸಿಎಸ್‌ಐ. ನಮ್ಮ ಹಿರಿಯರು ಬಿಲ್ಲವರು. ಇಲ್ಲಿ ಎಲ್ಲ ಬ್ರಾಹ್ಮಣ ಹುಡುಗರ, ಪಂಡಿತೆಯರ ಕಥೆ ಆಯಿತು. ನಮ್ಮಂಥವರಿಗೆ ಮೇಷ್ಟ್ರು ಅಂದರೆ ಮೊದಲು ತರ್ಕ ಅಲ್ಲ. ಒಳಗೆ ಬಂದು ಬೆಂಚಿನ ಮೇಲೆ ಕೂರು ಅಂದ ಮನುಷ್ಯ. ಅಷ್ಟೇ ಸಾಕಿತ್ತು.

ಆಮೇಲೆ ಹೊಟ್ಟೆಪಾಡು. ಮತ ಬಿಟ್ಟವನಿಗೆ ಊರಲ್ಲಿ ಕೆಲಸ ಹೋಗ್ತಿತ್ತು, ಗೇಣಿ ಭೂಮಿ ಹೋಗ್ತಿತ್ತು. ಅದಕ್ಕೇ ಮಿಷನ್ನಿನವರು ನೇಯ್ಗೆ ಶುರು ಮಾಡಿದ್ದು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು. "ಅಕ್ಕಿಗೆ ಮತ ಬಿಟ್ಟವರು" ಅಂತ ಇವತ್ತೂ ಅಂತಾರೆ. ಇದ್ದ ಅಕ್ಕಿ ಕಳಕೊಂಡವರು ಅಂತ ಯಾರೂ ಹೇಳುವುದಿಲ್ಲ. ನಮ್ಮ ಮುತ್ತಜ್ಜನದು ಹುಡುಕಾಟ ಅಲ್ವಾ? ಪತ್ರ ಬರೆದಿಡಲಿಲ್ಲ ಅಷ್ಟೆ.

ಬಲ್ಮಠದವ:

ಸರಿಯಾದ ಮಾತು. ನನ್ನದೊಂದು ಸೇರಿಸುತ್ತೇನೆ. ಮೊಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಪುರಂದರದಾಸರು, ಕನಕದಾಸರು ಎಲ್ಲ. ಜೈಮಿನಿ ಭಾರತ, ಬಸವಪುರಾಣ ಸಹ. ಏಸುವನ್ನು ಸಾರಲು ಬಂದ ಮೇಷ್ಟ್ರು ಹರಿದಾಸರನ್ನು ಅಚ್ಚು ಹಾಕಿಸಿ ಕನ್ನಡಿಗರ ಕೈಗೆ ಕೊಟ್ಟರು. ಅವರು ಕೊಟ್ಟ ಪುಸ್ತಕ ಹಿಡಿದು ಎಷ್ಟು ಜನ ವಿಠಲನ ಕಡೆಗೆ ಹೋದರೋ ಯಾರಿಗೆ ಗೊತ್ತು!

ಹಾಸನದ_ಕಾಫಿ:

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನದಿಂದ ಓದುತ್ತಲೇ ಇದ್ದೆ.

ಬಿಸಿಲು ಅಕ್ಕ ಕೇಳಿದ ಪ್ರಶ್ನೆಗೆ ಉತ್ತರ: ಇಲ್ಲ. ನಾನು ಸರ್ ಜೊತೆ ಒಮ್ಮೆಯೂ ಜಗಳ ಆಡಿಲ್ಲ. ಜಗಳ ಆಡೋಕೆ ವಿಷಯ ಇಲ್ಲದೆ ಅಲ್ಲ. ಇದೆ. "ನನ್ನ ಮೂಲಕವೇ ಹೊರತು ಯಾರೂ ತಂದೆಯ ಬಳಿಗೆ ಬರುವುದಿಲ್ಲ" ಅನ್ನುವ ಮಾತು ಯೋಹಾನನ ಸುವಾರ್ತೆಯಲ್ಲಿ ಇದೆಯಲ್ಲ, ಅದು ನನಗೆ ಗಂಟಲಲ್ಲಿ ಸಿಕ್ಕಿಕೊಂಡಿದೆ. ನಮ್ಮಪ್ಪ ಪ್ರತಿ ಸೋಮವಾರ ಶಿವನ ಗುಡಿಗೆ ಹೋಗುತ್ತಿದ್ದವರು. ಯಾರಿಗೂ ಕೇಡು ಬಗೆದವರಲ್ಲ. ಅವರನ್ನು ಹೊರಗಿಟ್ಟು ನಾನು ಒಳಗೆ ಹೋಗಬೇಕಾ? ಇದನ್ನು ಸರ್ ಹತ್ತಿರ ಕೇಳಿಲ್ಲ. ಕೇಳಿದರೆ ಅವರಿಗೆ ನೋವಾಗಬಹುದು ಅಂತ. ಅಥವಾ ಅವರು ಕೊಡುವ ಉತ್ತರದಿಂದ ನನಗೆ ನೋವಾಗಬಹುದು ಅಂತ. ಎರಡನೆಯದೇ ನಿಜ ಅನ್ಸತ್ತೆ.

ಪುಟ್ಟಿಯವರು ಹೇಳಿದ್ದೂ ಸರಿ. ನಿನ್ನೆ ರಾತ್ರಿ ಗಂಡನ ಹತ್ತಿರ ಕೂತು ಮಾತಾಡಿದೆ. ಹೆದರಿಕೆ ಇದೆಯಂತೆ. "ನೀನು ಬೇರೆ ಆಗಿಬಿಡ್ತೀಯಾ ಅಂತ" ಅಂದರು. ಬೇರೆ ಏನೂ ಹೇಳಲಿಲ್ಲ.

ಬಲ್ಮಠದವ:

ಅಕ್ಕ, ಅದೇ ಯೋಹಾನನ ಸುವಾರ್ತೆಯಲ್ಲಿ ನಿಕೊದೇಮ ಅಂತ ಒಬ್ಬ ಇದ್ದಾನೆ. ಮೂರನೇ ಅಧ್ಯಾಯ. ಯೆಹೂದ್ಯರ ಹಿರಿಯ, ದೊಡ್ಡ ಮನುಷ್ಯ. ಏಸುವಿನ ಹತ್ತಿರ ಬಂದದ್ದು ರಾತ್ರಿ. "ಬೋಧಕನೇ" ಅಂತಲೇ ಮಾತು ಶುರು ಮಾಡಿದ. ದೇವರೇ ಅನ್ನಲಿಲ್ಲ, ಮೇಷ್ಟ್ರೇ ಅಂದ ಹಾಗೆ. ಮತ್ತೆ ಹುಟ್ಟಬೇಕು ಅಂತ ಏಸು ಅಂದಾಗ, ಮುದುಕನಾದವನು ಮತ್ತೆ ಹುಟ್ಟುವುದು ಹೇಗೆ ಸ್ವಾಮಿ ಅಂತ ಅಡ್ಡ ಪ್ರಶ್ನೆಯನ್ನೂ ಹಾಕಿದ. ಆ ರಾತ್ರಿ ಅವನು ಒಪ್ಪಿದನೋ ಬಿಟ್ಟನೋ, ಬರೆದಿಲ್ಲ. ಏಳನೇ ಅಧ್ಯಾಯದಲ್ಲಿ ಸಭೆಯೊಳಗೆ ಏಸುವಿನ ಪರವಾಗಿ ಒಂದು ಮಾತು ಆಡಿದ, ಅದೂ ಕಾನೂನಿನ ಮಾತು, ವಿಚಾರಣೆ ಮಾಡದೆ ತೀರ್ಪು ಕೊಡಬಹುದಾ ಅಂತ. ಹತ್ತೊಂಬತ್ತನೇ ಅಧ್ಯಾಯದಲ್ಲಿ ಏಸು ಶಿಲುಬೆಯಲ್ಲಿ ಸತ್ತ ಮೇಲೆ ರಕ್ತಬೋಳ, ಅಗರು ಎಂಬ ಸುಗಂಧದ್ರವ್ಯ ಹೊತ್ತುಕೊಂಡು ಹೆಣಕ್ಕೆ ಹಚ್ಚಲು ಬಂದ. ಅವನು ಯಾವ ದಿನ ವಿಶ್ವಾಸಿಯಾದ ಅಂತ ಸುವಾರ್ತೆಯಲ್ಲಿ ಎಲ್ಲೂ ಇಲ್ಲ. ನಿಮಗೂ ತಾರೀಕು ಗೊತ್ತು ಮಾಡುವ ಅವಸರ ಬೇಡ.

ನಿಮ್ಮ ಅಪ್ಪನ ಪ್ರಶ್ನೆಗೆ ನಮ್ಮಲ್ಲೂ ಒಂದೇ ಉತ್ತರ ಇಲ್ಲ. ನಮ್ಮ ಅಯ್ಯನವರು (ಪಾದ್ರಿ) ಒಂದು ಹೇಳ್ತಾರೆ, ನನ್ನ ಅಜ್ಜಿ ಇನ್ನೊಂದು ಹೇಳ್ತಿದ್ದರು. ನಾನು ಅಜ್ಜಿ ಪಕ್ಷ.

ನಾಸ್ತಿಕ_ನಂಜನಗೂಡು:

ಹೆಸರು ಬೇಡದವರಿಗೆ ಉತ್ತರ ಕೊಡ್ತೀನಿ ಅಂದಿದ್ದೆ. ಒಳಗೆ ಹೋಗದವರಿಗೆ ಏನಾಗತ್ತೆ ಅನ್ನುವುದು ಸರಿಯಾದ ಪ್ರಶ್ನೆ, ಒಪ್ಪಿದೆ. ಆದರೆ ನನ್ನ ಗುಮಾನಿ ಪೂರ್ತಿ ಹೋಗಿಲ್ಲ. ಉಪ್ಪಿಟ್ಟು ಕಣ್ಣಿಗೆ ಕಾಣತ್ತೆ. ಮೇಷ್ಟ್ರು ಮೆಚ್ಚಲಿ ಅನ್ನುವ ಆಸೆ ಕಾಣಲ್ಲ. ಹಾಸನದವರೇ, ಅದಕ್ಕೇ ನೀವು ಆ ಪ್ರಶ್ನೆ ಕೇಳಲೇಬೇಕು. ಉತ್ತರ ಇಷ್ಟವಾಗದೇ ಇದ್ದರೆ ಅಲ್ಲೇ ಹೇಳಬೇಕು. ಇದು ನಾಸ್ತಿಕನ ಸಲಹೆ, ಬೇಕಾದರೆ ತಗೊಳ್ಳಿ.

ಕಲಬುರಗಿ_ಬಿಸಿಲು:

ನಂಜನಗೂಡಿನವರ ಮಾತು ನನಗೂ ಒಪ್ಪಿಗೆ, ಇದೇ ಮೊದಲ ಸಲ! ಹಾಸನದವರೇ, ರಮಾಬಾಯಿ ವಿಷಯದಲ್ಲಿ ಒಂದು ಬಿಟ್ಟಿದ್ದೆ. ದೀಕ್ಷಾಸ್ನಾನ ಆಗಿ ಎಂಟು ವರ್ಷದ ಮೇಲೆ, ಸಿಸ್ಟರ್‌ಗಳಿಂದ ಸಾವಿರಾರು ಮೈಲಿ ದೂರ ಪುಣೆಯಲ್ಲಿದ್ದಾಗ, ಅವರಿಗೆ ಅನ್ನಿಸಿದ್ದು: ಇಷ್ಟು ದಿನ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಅಂತ. ಆಮೇಲೆ ಅವರೇ ಬರೆದುಕೊಂಡಿದ್ದಾರೆ. ಮೇಷ್ಟ್ರಮ್ಮ ಕಲಿಸಿದ್ದು ಒಂದು ಕಡೆ, ತಾವು ಕಂಡದ್ದು ಒಂದು ಕಡೆ. ನಡುವೆ ಎಂಟು ವರ್ಷ.

ಹಾಸನದ_ಕಾಫಿ:

ಸರ್‌ಗೆ ಫೋನ್ ಮಾಡಿದೆ. "ಒಂದು ಜಗಳ ಇದೆ ಸರ್, ಬರಲಾ?" ಅಂದೆ. ಜೋರಾಗಿ ನಕ್ಕರು. "ಯೋಬನ ಪುಸ್ತಕ ಕೊಟ್ಟವನು ನಾನೇ ಅಲ್ವಾ, ಬಾ" ಅಂದರು. ಶನಿವಾರ ಹೋಗ್ತೀನಿ. ಗಂಡನೂ ಬರ್ತೀನಿ ಅಂತಿದ್ದಾರೆ. ಕರ್ಕೊಂಡು ಹೋಗೋದಾ, ಒಬ್ಬಳೇ ಹೋಗೋದಾ?

ಕೊಂಕಣಿ_ಅಮ್ಮ:

ಕರ್ಕೊಂಡೇ ಹೋಗಿ. ಅವರದೂ ಪ್ರಶ್ನೆ ಇರ್ತದೆ, ಅವರೇ ಕೇಳಲಿ. ನಿಮ್ಮ ಮೇಡಂಗೆ ಮೊದಲೇ ಹೇಳಿಬಿಡಿ, ಊಟಕ್ಕೆ ಇಬ್ಬರು ಅಂತ. ಮೀನು ತಿನ್ನದಿದ್ದರೆ ಅದನ್ನೂ ಹೇಳಿ, ಆಮೇಲೆ ಪಾಪ ಅವರು ಪರದಾಡುವುದು ಬೇಡ.